ಸಂಜಿ ಐದಕ್ಕ ಯಾವ ಹಾಡು?

1/7

ಖಾಲಿ ಕುರ್ಚಿ, ಅರ್ಧ ಕಟ್ಟಿದ ಪರದೆ, ಸ್ಟೇಜ್ ಮ್ಯಾಲ ಒಬ್ಬ ಹುಡುಗ ಒಂದೇ ಡ್ರಮ್ ಡಬ್ ಡಬ್ ಬಡಿಯಾಕತ್ತಾನ. "ಇದೆಂಥ ಫೋಟೋ, ರಾತ್ರಿ ಲೈಟಿಂಗ್ ಫೋಟೋ ಹಾಕು" ಅಂತ ಈಗಾಗಲೇ ಇಬ್ಬರು ಮೆಸೇಜ್ ಮಾಡ್ಯಾರ. ಇಲ್ರಪಾ, ಇದನ್ನೇ ಹಾಕ್ತೀನಿ. ರಾತ್ರಿ ಫೋಟೋ ಎಲ್ಲರ ಸ್ಟೇಟಸ್‌ನಾಗೂ ಐತಿ.

ಪ್ರೋಗ್ರಾಮ್ ಹೆಂಗಾಗ್ತೈತಿ ಅನ್ನೋದು ರಾತ್ರಿ ಒಂಬತ್ತಕ್ಕ ಅಲ್ಲ, ಸಂಜಿ ಐದಕ್ಕನ ಗೊತ್ತಾಗ್ತೈತಿ. ಸೌಂಡ್ ಚೆಕ್‌ಗೆ ಒಂದು ಬ್ಯಾಂಡ್ ಯಾವ ಹಾಡು ಆರಿಸ್ಕೊಳ್ತೈತಿ ನೋಡ್ರಿ. ಅವರ ಕಿವಿ ಎಲ್ಲೈತಿ ಅನ್ನೋದು ತಿಳೀತೈತಿ.

ಇನ್ನೊಂದು ಮಾತೂ ಐತಿ: ಸೌಂಡ್ ಚೆಕ್ ಯಾರಿಗೆ ಸಿಗ್ತೈತಿ, ಯಾರಿಗೆ ಸಿಗೋದಿಲ್ಲ. ಅದನ್ನ ಹೇಳಾಕ ನನಗ ಸ್ವಲ್ಪ ನಾಚಿಕೆ ಐತಿ. 6ನೇ ಭಾಗದಾಗ ಹೇಳ್ತೀನಿ. ಅಲ್ಲಿತನಕ ಸ್ವೈಪ್ ಮಾಡ್ಕೋತ ಬರ್ರಿ.

2/7

ಮೊದಲು ಸೌಂಡ್ ಚೆಕ್ ಅಂದ್ರ ಏನು ಅಂತ ನೋಡೂಣು. "ಹಲೋ ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಅನ್ನೋದು ಅದರ ಬಾಗಿಲು ಅಷ್ಟೇ.

ಮೊದಲು ಒಂದೊಂದೇ ವಾದ್ಯ. ಡ್ರಮ್ಸಿನ ದೊಡ್ಡದು, ಆಮ್ಯಾಲ ಸಣ್ಣದು, ಬೇಸ್ ಗಿಟಾರ್, ಗಿಟಾರ್, ಕೀಬೋರ್ಡ್, ಕೊನೆಗೆ ಹಾಡೋರ ದನಿ. ಮಿಕ್ಸರ್ ಮುಂದ ಕುಂತಾವ ಪ್ರತಿಯೊಂದಕ್ಕೂ ಎಷ್ಟು ಸದ್ದು ಬೇಕು ಅಂತ ಅಳತಿ ಇಡ್ತಾನ. ಆಮ್ಯಾಲ ಎಲ್ಲಾರೂ ಕೂಡಿ ಒಂದು ಹಾಡು. ಒಂದೊಂದೇ ಕೇಳಿದಾಗ ಚಲೋ ಇದ್ದ ಸದ್ದು, ಕೂಡಿದಾಗ ಒಂದರ ಮ್ಯಾಲ ಒಂದು ಬೀಳ್ತಾವ. ಜಗಳ ಬಿಡಸಾಕ ಆ ಹಾಡು ಬೇಕು.

ಹಾಡೋರ ಕಾಲ ಹಂತೇಕ ಅವರ ಕಡೆ ಮಕ ಮಾಡಿದ ಒಂದು ಸ್ಪೀಕರ್ ಇರ್ತೈತಿ, ಮಾನಿಟರ್ ಅಂತಾರ. ಅದು ಇಲ್ಲಂದ್ರ ಅವರಿಗೆ ತಮ್ಮ ದನಿ ತಮಗೇ ಕೇಳಂಗಿಲ್ಲ. ಅದರ ಸದ್ದು ಹೆಚ್ಚಾದ್ರ ಸ್ಪೀಕರಿನ ಸದ್ದು ಮೈಕಿಗೆ, ಮೈಕಿಂದು ಮತ್ತ ಸ್ಪೀಕರಿಗೆ ಹೊಕ್ಕು "ಕುಂಯ್ಯ್" ಅಂತ ಒದರ್ತೈತಿ. ಜಾತ್ರಿಯೊಳಗ ಕಿವಿ ಮುಚ್ಕೊಂಡೀರಲ್ಲ, ಅದು ಇದೇ.

ಖಾಲಿ ಹಾಲಿನಾಗ ಮಾಡಿದ ಅಳತಿ ಮಂದಿ ತುಂಬಿದ ಮ್ಯಾಲ ಹಂಗೇ ಉಳಿಯಂಗಿಲ್ಲ. ಮಂದಿ ಮೈ, ಬಟ್ಟಿ ಸದ್ದು ಕುಡೀತಾವ. ಅದಕ್ಕ ಚೆಕ್ ಅಂದ್ರ ಅಂದಾಜು. ಚಲೋ ಅಂದಾಜು ಮಾಡಾಕ ಚಲೋ ಹಾಡು ಬೇಕು.

3/7

ಈಗ ವಿಷಯಕ್ಕ ಬರ್ತೀನಿ. ಕಾಲೇಜ್ ಫೆಸ್ಟು, ಜಾತ್ರಿ ರಸಮಂಜರಿ, ಮದುವಿ ಆರ್ಕೆಸ್ಟ್ರಾ, ಎಲ್ಲಾ ಕಡೆ ಸಂಜಿನೇ ಹೋಗಿ ನಿಂದರೋ ಚಟ ನನಗ. ಮೂರು ನಮೂನಿ ಬ್ಯಾಂಡ್ ನೋಡೀನಿ.

ಒಂದನೇದು, ರಾತ್ರಿಯ ದೊಡ್ಡ ಹಿಟ್ ಹಾಡಿನ ಪಲ್ಲವಿ ತಗೊಂಡು ನಾಕು ಸಲ ಹಾಡೋರು. ಮಂದಿ ಓಡಿ ಬರ್ತಾರ, ಹುಡುಗ್ರು ಸಿಳ್ಳಿ ಹೊಡೀತಾರ. ಆದರ ರಾತ್ರಿ ಅದೇ ಹಾಡು ಬಂದಾಗ ಬಿಸಿ ಆರಿದ ಮಿರ್ಚಿ ಭಜಿ. ನಾವು ಬಿ.ಕಾಂ. ಮಂದಿ ಭಾಷೆಯೊಳಗ ಹೇಳಬೇಕಂದ್ರ, ಜಾಹೀರಾತಿನ ಖರ್ಚನ್ನ ಉತ್ಪಾದನೆಯ ಖರ್ಚಿನ ಕಾಲಮ್ಮಿನಾಗ ಬರದಂಗ. ಲೆಕ್ಕ ತಾಳೆ ಆದಂಗ ಕಾಣ್ತೈತಿ, ಒಳಗ ತಪ್ಪು ಕುಂತಿರ್ತೈತಿ.

ಎರಡನೇದು, ತಮಗ ಖುಷಿ ಅನಿಸಿದ್ದು ನುಡಿಸೋರು. ಯಾವುದೋ ಹಳೇ ಹಾಡು, ಇಲ್ಲಂದ್ರ ಸುಮ್ನ ಮನಸ್ಸಿಗೆ ಬಂದದ್ದು. ಇದು ಕೆಟ್ಟದ್ದಲ್ಲ. ಪಾಲ್ ಮೆಕಾರ್ಟ್ನಿ ಸೌಂಡ್ ಚೆಕ್‌ನಾಗ ರಾತ್ರಿ ಪಟ್ಟಿಯೊಳಗ ಇಲ್ಲದ ಹಾಡು ನುಡಿಸೋದಕ್ಕ ಹೆಸರಾದವರು. 1993ರ 'ಪಾಲ್ ಈಸ್ ಲೈವ್' ಆಲ್ಬಮ್ಮಿನ ಕೊನೆಗೆ ಸೌಂಡ್ ಚೆಕ್ ರೆಕಾರ್ಡಿಂಗ್‌ನೇ ಸೇರಿಸ್ಯಾರ. ಬಿಟಿಎಸ್ ಫ್ಯಾನ್‌ಗಳಿಗೆ ನಾನು ಹೇಳೋದು ಬ್ಯಾಡ, ಸೌಂಡ್ ಚೆಕ್ ನೋಡಾಕಂತನ ದುಬಾರಿ ಟಿಕೆಟ್ ಇರ್ತೈತಿ. ಬೆರಳು ಬಿಸಿ ಆಗ್ತಾವ, ಮನಸ್ಸು ಹಗುರ ಆಗ್ತೈತಿ. ಆದರ ಮಿಕ್ಸರ್ ಮುಂದ ಕುಂತಾವಗ ಅಷ್ಟು ಸಹಾಯ ಆಗಂಗಿಲ್ಲ.

ಮೂರನೇದು ಅಪರೂಪ. ಅವರು ರಾತ್ರಿಯ ಅತೀ ಸಣ್ಣ ದನಿ ಹಾಡಿನ ಎರಡು ಸಾಲು ಹಾಡ್ತಾರ. ಆಮ್ಯಾಲ ಅತೀ ಜೋರು ಹಾಡಿನ ಒಂದು ತುಣುಕು. ಆಮ್ಯಾಲ ಎಲ್ಲಿ ತಪ್ಪಬಹುದೋ ಆ ಜಾಗ, ಕೊಳಲಿನಿಂದ ದನಿಗೆ ಹೋಗೋ ತಿರುವು, ಅಷ್ಟನ್ನೇ ಮೂರು ಸಲ. ನೋಡಾಕ ಬ್ಯಾಸರ. ಒಬ್ಬರೂ ವಿಡಿಯೋ ಮಾಡಂಗಿಲ್ಲ. ಆದರ ಅವತ್ತಿನ ರಾತ್ರಿ ಮಾತ್ರ ಕೊನೇ ಸಾಲಿನಾಗ ಕುಂತ ಆಯಿಗೂ ಕೊಳಲು ಕೇಳಿಸ್ತೈತಿ.

4/7

ನನ್ನ ಅಭಿಪ್ರಾಯ ಇಷ್ಟ: ಸೌಂಡ್ ಚೆಕ್‌ನಾಗ ನಿಮಗ ಚಲೋ ಬರೋ ಹಾಡು ಹಾಡಬ್ಯಾಡ್ರಿ. ನಿಮಗ ಅಂಜಿಕಿ ಇರೋ ಹಾಡು ಹಾಡ್ರಿ.

ಪರೀಕ್ಷಾ ಹಿಂದಿನ ದಿನ ನಾವೇನು ಮಾಡ್ತೀವಿ? ಬರೋ ಚಾಪ್ಟರ್ ಮತ್ತೊಮ್ಮೆ ಓದಿ "ಎಲ್ಲಾ ಬರ್ತೈತಿ" ಅಂತ ಸಮಾಧಾನ ಮಾಡ್ಕೊಳ್ತೀವಿ. ಕಾಸ್ಟಿಂಗ್ ಪ್ರಾಬ್ಲಮ್ ಪುಟ ತಿರುವೂದಿಲ್ಲ. ಹಿಟ್ ಹಾಡಿನ ಸೌಂಡ್ ಚೆಕ್ ಅಂದ್ರ ಅದೇ.

ಸೌಂಡ್ ಎಂಜಿನಿಯರುಗಳ ಪದ್ಧತಿ ನೋಡ್ರಿ. ಬ್ಯಾಂಡ್ ಬರೋಕಿಂತ ಮೊದಲು ಸ್ಪೀಕರ್ ಪರೀಕ್ಷಾ ಮಾಡಾಕ ತಮ್ಮ ಕಿವಿಗೆ ಪೂರ್ತಿ ಗೊತ್ತಿರೋ ಒಂದು ರೆಕಾರ್ಡಿಂಗ್ ಹಾಕ್ತಾರ. ಡೊನಾಲ್ಡ್ ಫೇಗನ್ 1982ರಾಗ ಮಾಡಿದ 'ಐ.ಜಿ.ವೈ.' ಅನ್ನೋ ಹಾಡು ಈ ಕೆಲಸಕ್ಕ ಜಗತ್ತಿನ ತುಂಬ ಪ್ರಸಿದ್ಧ. ಆ ಹಾಡಿನ ರೆಕಾರ್ಡಿಂಗ್ ಅಷ್ಟು ಸ್ವಚ್ಛ ಐತಿ, ಅದರಾಗ ಏನರ ತಪ್ಪು ಕೇಳಿಸ್ತು ಅಂದ್ರ ತಪ್ಪು ಸ್ಪೀಕರಿಂದು ಅಂತ ಗೊತ್ತಾಗ್ತೈತಿ. ಮಂದಿ ಕುಣೀಲಿ ಅಂತ ಅಲ್ಲ, ಕೊರತಿ ಕಾಣಲಿ ಅಂತ ಆ ಹಾಡು. ಆಡಿಟರ್ ಬಂದಾಗ ಚಹಾ ಕುಡಿಸಿ ಚಲೋ ಫೈಲ್ ಅಷ್ಟೇ ತೋರ್ಸೋದಲ್ಲ, ಎಲ್ಲಾ ವೋಚರ್ ಮುಂದ ಇಡೋದು.

5/7

"ಇದೆಲ್ಲಾ ಸಿಟಿ ಮಂದಿ ಕೆಲಸ, ನಮ್ಮಲ್ಲಿ ಎಲ್ಲೈತಿ" ಅಂತೀರೇನು? ನಮ್ಮಲ್ಲಿ ಇದು ಕರೆಂಟ್ ಬರೋಕಿಂತ ಮೊದಲಿಂದ ಐತಿ.

ಹಲಗಿ ಬಾರಸೋರು ಮೊದಲು ಏನು ಮಾಡ್ತಾರ? ಒಂದಿಷ್ಟು ಕಾಗದ, ಹುಲ್ಲು ಗುಡ್ಡಿ ಹಾಕಿ ಬೆಂಕಿ ಹಚ್ಚಿ ಹಲಗಿ ಕಾಸ್ತಾರ. ತೊಗಲು ಬಿಗಿ ಆಗ್ತೈತಿ. ಒಂದು ಏಟು ಹಾಕ್ತಾರ, ಕಿವಿ ಕೊಡ್ತಾರ, ಮತ್ತ ಕಾಸ್ತಾರ. ತಬಲಾದವರು ಸಣ್ಣ ಸುತ್ತಿಗಿ ಹಿಡ್ಕೊಂಡು ಹಾಡೋರ 'ಸಾ'ಕ್ಕ ಕೂಡಸ್ತಾರ. ತಂಬೂರಿ ಶ್ರುತಿ ಮಾಡೋದಂತೂ ಕೇಳೋರ ಮುಂದನ ನಡೀತೈತಿ, ಯಾರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ.

ಬನಶಂಕರಿ ಜಾತ್ರಿಗೆ ಬರೋ ನಾಟಕ ಕಂಪನಿ ನೋಡೀರಲ್ಲ? ಮೊದಲು ನಾಂದಿ. ಪಾತ್ರಧಾರಿಗಳು ಕೂಡಿ ದೇವರ ಹಾಡು ಹೇಳ್ತಾರ. ನನಗ ಅನಸೋದು, ಅದು ಸ್ತುತಿನೂ ಹೌದು, ಸೌಂಡ್ ಚೆಕ್ಕೂ ಹೌದು. ಪೇಟಿ ಮಾಸ್ತರರಿಗೆ ಇವತ್ತು ಯಾರ ದನಿ ಕುಂತೈತಿ, ಯಾರದು ಬಿಚ್ಚೈತಿ ಅಂತ ಅಲ್ಲೇ ತಿಳೀತೈತಿ. ಭಜನಾದಾಗ ಮೊದಲಿಗೆ ಗಣಪತಿ ಹಾಡು ನಿಧಾನಕ್ಕ ಎತ್ತೋದೂ ಹಂಗ. ಒಬ್ಬರ ಮ್ಯಾಲೂ ಬೆಳಕು ಬೀಳಂಗಿಲ್ಲ, ಎಲ್ಲಾರೂ ಒಬ್ಬರಿಗೊಬ್ಬರು ಕಿವಿ ಕೊಡ್ತಾರ.

ಇನ್ನ ನಮ್ಮ ಗುಡ್ಡ. ಮಹಾಕೂಟದಾಗ, ಬಾದಾಮಿಯೊಳಗ ಗುಡ್ಡಕ್ಕ ಮಕ ಮಾಡಿ ಚಪ್ಪಾಳಿ ಹೊಡೆದು ನೋಡ್ರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತೈತಿ. ಬಂಡಿ 170 ಮೀಟರ್ ದೂರ ಇದ್ರ ನಿಮ್ಮ ಚಪ್ಪಾಳಿ ಒಂದು ಸೆಕೆಂಡಿಗೆ ತಿರುಗಿ ಬರ್ತೈತಿ. ಅಂಥಾ ಕಡೆ ಜೋರು ಹಾಡು ಹೊಡೆದ್ರ ಒಂದು ತಾಳದ ಮ್ಯಾಲ ಹಿಂದಿನ ತಾಳ ಬಂದು ಬೀಳ್ತೈತಿ. ಗುಡ್ಡ ಏನಂತೈತಿ ಅಂತ ಕೇಳಾಕ, ನಡುವ ನಡುವ ಸುಮ್ನಾಗೋ ಹಾಡು ಬೇಕು. ಬಾದಾಮಿ 1ನೇ ಗುಹಾದಾಗ ಹದಿನೆಂಟು ಕೈಯ ನಟರಾಜ ಕುಣಿಯಾಕತ್ತಾನಲ್ಲ, ಸೆಲ್ಫಿ ತೆಗೆಯೋದು ಬಿಟ್ಟು ಒಮ್ಮೆ ಪಕ್ಕಕ್ಕ ನೋಡ್ರಿ. ವಾದ್ಯ ಬಾರಸಾವನ್ನೂ ಕೆತ್ಯಾರ. ಬಾರಸಾವ ಇಲ್ಲದ ಕುಣಿತ ಇಲ್ಲ ಅಂತ ಆ ಶಿಲ್ಪಿಗೆ ಗೊತ್ತಿತ್ತು.

6/7

ಈಗ ನಾಚಿಕೆಯ ಮಾತು.

ನಮ್ಮ ಕಾಕಾ ಕರಡಿ ಮಜಲಿನಾಗ ಸನಾದಿ ಊದ್ತಾರ. ಬೀಳಗಿಯ ಸನಾದಿ ಅಪ್ಪಣ್ಣ ನಮ್ಮ ಜಿಲ್ಲೆಯವರೇ. 1977ರಾಗ 'ಸನಾದಿ ಅಪ್ಪಣ್ಣ' ಸಿನಿಮಾ ಬಂತು, ರಾಜಕುಮಾರ್ ಕೈಯಾಗಿನ ಶಹನಾಯಿಗೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನರು. ಆ ಸಿನಿಮಾ ನೋಡಿ ಅಳೋ ಮಂದಿನೇ ನಾವು.

ಎರಡು ವರ್ಷದ ಹಿಂದ ನಮ್ಮ ಹಂತೇಕ ಒಂದು ಊರ ಜಾತ್ರಿ. ಸ್ಟೇಜ್ ಮ್ಯಾಲ ಮೊದಲು ಕಾಕಾರ ತಂಡ, ಆಮ್ಯಾಲ ಹೊರಗಿಂದ ಬಂದ ಆರ್ಕೆಸ್ಟ್ರಾ. ಐದರಿಂದ ಏಳೂವರಿ ತನಕ ಆರ್ಕೆಸ್ಟ್ರಾದವರ ಚೆಕ್. ಅದೇ ಹಿಟ್ ಪಲ್ಲವಿ, ನಾಕು ಸಲ. ಕಾಕಾರ ತಂಡ ಸ್ಟೇಜ್ ಬಾಜೂಕ ನಿಂತಿತ್ತು. ಏಳೂವರಿಗೆ "ಹತ್ತು ನಿಮಿಷದಾಗ ಮುಗಸ್ರಿ" ಅಂತ ಕಮಿಟಿಯವರು ಹತ್ತಿಸಿದ್ರು. ಒಂದು ನಿಮಿಷದ ಚೆಕ್ಕೂ ಇಲ್ಲ.

ಸಣ್ಣ ದನಿ ಹಾಡೋರಿಗೆ ಅಂತ ಇಟ್ಟ ಮೈಕು. ಅದರ ಮುಂದ ಸನಾದಿ. ಮೊದಲ ಉಸಿರಿಗೇ ಕುಂಯ್ಯ್ ಅಂತು. ಮೈಕ್ ಬಂದ್ ಮಾಡಿದ್ರು. ಕರಡಿ ಸದ್ದಿನಾಗ ಸನಾದಿ ಮುಳುಗಿ ಹೋತು. ಹುಡುಗ್ರು ನಕ್ರು. ಒಬ್ಬಾಕಿ ವಿಡಿಯೋ ಮಾಡಿ, ನಗೋ ಎಮೋಜಿ ಹಾಕಿ ಸ್ಟೋರಿಗೆ ಬಿಟ್ಟಳು.

ಆ ಒಬ್ಬಾಕಿ ನಾನೇ.

ಕಾಕಾ ಅದನ್ನ ನೋಡಿದ್ರು. ಬೈಲಿಲ್ಲ. ಮಾರನೇ ದಿನ ಚಹಾ ಕುಡೀತ ಇಷ್ಟ ಅಂದ್ರು: "ಯವ್ವಾ, ಹಲಗಿ ಕಾಸಾಕ ಬಿಡಲಾರದ ಬಾರಸು ಅಂದ್ರ, ಹಲಗಿ ಏನು ಮಾಡ್ತೈತಿ?"

ನಾನು ಆ ಸ್ಟೋರಿ ಡಿಲೀಟ್ ಮಾಡಿದೆ. ಅಷ್ಟೊತ್ತಿಗೆ ನೋಡೋರು ನೋಡಿದ್ರು.

7/7

ಅವತ್ತಿಂದ ಒಂದು ಮಾತು ತಲ್ಯಾಗ ಕುಂತೈತಿ. "ನಮ್ಮ ಕಡೆ ಜಾನಪದ ಕಲಾವಿದರ ಸೌಂಡ್ ಕ್ವಾಲಿಟಿ ಚಲೋ ಇರಂಗಿಲ್ಲ" ಅಂತ ಎಷ್ಟು ಸಲ ಅಂದೀವಿ, ಕೇಳೀವಿ. ಕ್ವಾಲಿಟಿ ಕಲಾವಿದರಲ್ಲಿ ಕಮ್ಮಿ ಇತ್ತೇನು, ಇಲ್ಲಾ ಚೆಕ್ ಕೊಡದ ನಮ್ಮ ಟೈಮ್ ಟೇಬಲ್‌ನಾಗ ಕಮ್ಮಿ ಇತ್ತೇನು? ಒಬ್ಬರಿಗೆ ಎರಡೂವರಿ ತಾಸು, ಇನ್ನೊಬ್ಬರಿಗೆ ಸೊನ್ನಿ ಕೊಟ್ಟು, ಆಮ್ಯಾಲ ಇಬ್ಬರ ಮಾರ್ಕ್ಸ್ ಹೋಲಿಸೋದು ಯಾವ ನ್ಯಾಯ?

ಆರ್ಕೆಸ್ಟ್ರಾದವರ ಮ್ಯಾಲ ನನಗ ಸಿಟ್ಟಿಲ್ಲ. ಅವರದೂ ಹೊಟ್ಟಿಪಾಡು. ಸಂಜಿನೇ ಮಂದಿ ಸೇರಿದ್ರ ಕಮಿಟಿಯವರಿಗೂ ಖುಷಿ, ಅದಕ್ಕ ಹಿಟ್ ಹಾಡ್ತಾರ. ಆದರ ಟೈಮ್ ಹಂಚೋರು ನಾವು. ಊರ ಕಮಿಟಿಯೊಳಗ ನಮ್ಮ ಅಣ್ಣಂದಿರು ಅದಾರ, ಕಾಲೇಜ್ ಫೆಸ್ಟ್ ಕಮಿಟಿಯೊಳಗ ನಾವೇ ಇದ್ದೀವಿ. ಅದಕ್ಕ ಮೂರು ಮಾತು ಕೇಳ್ಕೊಳ್ತೀನಿ.

ಒಂದು: ಸ್ಟೇಜ್ ಹತ್ತೋ ಪ್ರತಿಯೊಂದು ತಂಡಕ್ಕೂ ಕಡಿಮಿ ಅಂದ್ರ ಹದಿನೈದು ನಿಮಿಷ ಚೆಕ್. ಡೊಳ್ಳು, ಭಜನಾ, ಕರಡಿ ಮಜಲು ಎಲ್ಲಾರಿಗೂ. ಪಾಂಪ್ಲೆಟ್‌ನಾಗ ಹೆಸರು ಹಾಕೋವಾಗನ ಚೆಕ್ ಟೈಮೂ ಬರೀರಿ.

ಎರಡು: ಸನಾದಿ, ಕರಡಿ ತಮ್ಮಷ್ಟಕ್ಕ ತಾವೇ ಜೋರು ಇರ್ತಾವ. ಮೈಕ್ ಬಾಯಿಗೆ ತುರುಕಬ್ಯಾಡ್ರಿ, ದೂರ ಇಡ್ರಿ, ಸದ್ದು ಇಳಸ್ರಿ. ಹೆಂಗ ಬೇಕು ಅಂತ ಊದೋರನ್ನ ಒಂದು ಮಾತು ಕೇಳ್ರಿ. ನಲವತ್ತು ವರ್ಷ ಊದಿದವರಿಗೆ ತಮ್ಮ ವಾದ್ಯ ಗೊತ್ತಿರ್ತೈತಿ.

ಮೂರು: ಬ್ಯಾಂಡ್ ಮಾಡೋ ಗೆಳೆಯರಿಗೆ. ಸಂಜಿ ಐದಕ್ಕ ಹಿಟ್ ಬಿಡ್ರಿ, ರಾತ್ರಿಗೆ ಉಳಿಸ್ರಿ. ಸಣ್ಣ ಹಾಡು ಹಾಡ್ರಿ. ನಿಮ್ಮಲ್ಲೇ ಒಬ್ಬರನ್ನ ಕೊನೇ ಕುರ್ಚಿಗೆ ಕಳಸ್ರಿ, ಅಲ್ಲಿ ಕುಂತು ಏನು ಕೇಳಿಸ್ತು ಅಂತ ಹೇಳಲಿ. ಮುಂದಿನ ಸಾಲಿಗೆ ಹೆಂಗಿದ್ರೂ ಕೇಳಿಸ್ತೈತಿ.

ಈ ಸಲದ ನಮ್ಮ ಫೆಸ್ಟ್‌ಗೆ ಕಾಕಾರ ತಂಡ ಕರೆಸಾಕ ಕೇಳೀವಿ. ನಾಕೂವರಿಯಿಂದ ಐದರ ತನಕ ಅವರ ಚೆಕ್ ಅಂತ ಲಿಸ್ಟಿನಾಗ ನಾನೇ ನನ್ನ ಕೈಯಾರೆ ಬರದೀನಿ. ಯಾವ ಹಾಡು ಊದ್ತೀರಿ ಕಾಕಾ ಅಂತ ಕೇಳಿದೆ. "ಮೊದಲು ಸುಮ್ನ ಒಂದು 'ಸಾ' ಹಿಡೀತೀನಿ, ನೀ ಹಿಂದ ಹೋಗಿ ನಿಂದ್ರು, ಕೇಳ್ತೈತಿಲ್ಲ ಹೇಳು" ಅಂದ್ರು.

ಕೊನೇ ಕುರ್ಚಿ ನಂದು. ಬರೋರು ನಾಕೂವರಿಗೇ ಬರ್ರಿ. ನಿಮ್ಮ ಊರಾಗ ಯಾವ ತಂಡಕ್ಕ ಚೆಕ್ ಸಿಗವಲ್ದು, ಕಾಮೆಂಟ್‌ನಾಗ ಬರೀರಿ. ಕಮಿಟಿಯೊಳಗ ಇರೋ ಅಣ್ಣಂದಿರಿಗೆ ಟ್ಯಾಗ್ ಮಾಡ್ರಿ.

#ಸಂಜಿಐದು #ಸೌಂಡ್‌ಚೆಕ್ #ಕರಡಿಮಜಲು #ಮಹಾಕೂಟ #ಬಾದಾಮಿ #ನಮ್ಮಬಾಗಲಕೋಟೆ