ಮಂದಗಿವಿಯೂ ಅಗ್ಗದ ಯಂತ್ರವೂ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ವೃದ್ಧರ ಕಿವಿ ಮಂದವಾದರೆ ಆಗುವ ನಷ್ಟ ತವರುನಾಡಿನಲ್ಲಿ ಆಗುವುದಕ್ಕಿಂತ ಒಂದು ಕೈ ಹೆಚ್ಚಿನದು. ನಾಸಿಕದ ಗಂಗಾಪುರ ರಸ್ತೆಯ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಸಾತಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರು. ಸುತ್ತಲಿನ ಮಾತೆಲ್ಲ ಮರಾಠಿ. ಕನ್ನಡ ಅವರ ಕಿವಿಗೆ ಬೀಳುವುದು ಹೆಂಡತಿಯ ಬಾಯಿಂದ, ಮುಂಬಯಿಯ ಮಗಳ ಫೋನಿನಿಂದ, ಅಮೆರಿಕದ ಮಗನ ಭಾನುವಾರದ ಕರೆಯಿಂದ. ಈ ಮೂರು ದನಿಗಳು ಮಸುಕಾದರೆ ಅವರ ಪಾಲಿಗೆ ಕನ್ನಡವೇ ನಿಂತಂತೆ. ಮನೆಯವರು ಮಾತ್ರ ‘ಅಪ್ಪನಿಗೆ ಮರೆವು, ಈಗೀಗ ಮಾತೇ ಕಡಿಮೆ’ ಎಂದುಕೊಂಡು ಸುಮ್ಮನಾಗುತ್ತಾರೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ಪರಿಹರಿಸಿಕೊಳ್ಳಬಹುದಾದ ಅಂಶಗಳಲ್ಲಿ ಮಂದಗಿವಿಯೂ ಒಂದೆಂದು ಲ್ಯಾನ್ಸೆಟ್ ಆಯೋಗ 2020ರಲ್ಲಿಯೂ 2024ರಲ್ಲಿಯೂ ಎಣಿಸಿದೆ.

ಇಂಥ ಮನೆಗಳಲ್ಲಿ ಪರಿಹಾರ ಬಹುತೇಕ ಅಮೆರಿಕದಿಂದಲೇ ಬರುತ್ತದೆ. ‘ಅಪ್ಪ ಇಲ್ಲಿಗೆ ಬರಲಿ, ಕಾಸ್ಟ್ಕೋದಲ್ಲಿ ಕೊಡಿಸುತ್ತೇನೆ’ ಎನ್ನುತ್ತಾನೆ ಮಗ. ಅವನ ಮಾತಿನಲ್ಲಿ ತಪ್ಪಿಲ್ಲ. ಆ ದೇಶದ ಮೆಡಿಕೇರ್ ವಿಮೆಯ ಮೂಲ ಯೋಜನೆ ಕಿವಿಯಂತ್ರಕ್ಕೆ ಹಣ ಕೊಡುವುದಿಲ್ಲ; ಖಾಸಗಿ ಚಿಕಿತ್ಸಾಲಯಗಳಲ್ಲಿ ಜೋಡಿಗೆ ಹಲವು ಸಾವಿರ ಡಾಲರು. ಅಕ್ಕಿಬೇಳೆಯ ಮೂಟೆಗಳ ಜೊತೆಗೇ ಕಿವಿಯಂತ್ರವನ್ನೂ ಮಾರುವ ಈ ಬೃಹತ್ ರಿಯಾಯಿತಿ ಮಳಿಗೆಯಲ್ಲಿ ‘ಕಿರ್ಕ್‌ಲ್ಯಾಂಡ್ 10’ ಎಂಬ ಒಳ್ಳೆಯ ಯಂತ್ರದ ಜೋಡಿ ಸುಮಾರು 1,400 ಡಾಲರಿಗೆ ದೊರೆಯುತ್ತಿತ್ತು. ಪರೀಕ್ಷೆ, ಹೊಂದಾಣಿಕೆ, ಮತ್ತೆ ಮತ್ತೆ ತಿದ್ದುವಿಕೆ ಎಲ್ಲವೂ ಆ ಬೆಲೆಯಲ್ಲಿಯೇ ಸೇರಿದ್ದವು. ಒಗ್ಗದಿದ್ದರೆ 180 ದಿನಗಳೊಳಗೆ ಹಿಂದಿರುಗಿಸಬಹುದಿತ್ತು.

ತೊಡಕಿರುವುದು ಆಮೇಲೆ. ಪ್ರವಾಸಿ ವೀಸಾದ ಮೇಲೆ ಹೋದ ತಂದೆತಾಯಂದಿರು ಸಾಮಾನ್ಯವಾಗಿ ಆರು ತಿಂಗಳಲ್ಲಿ ಮರಳಬೇಕು. ಹಿಂದಿರುಗಿಸುವ ಗಡುವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕಿವಿಯಂತ್ರ ಕನ್ನಡಕದಂತಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದ ಮಿದುಳು ಹೊಸ ದನಿಗೆ ಒಗ್ಗಲು ವಾರಗಳು ಬೇಕು. ಕಿವಿಯ ಮಟ್ಟ ಬದಲಾದಂತೆಲ್ಲ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ತಿದ್ದಬೇಕು. ಕಿರ್ಕ್‌ಲ್ಯಾಂಡ್ ಯಂತ್ರವನ್ನು ಆ ಮಳಿಗೆಯ ತಂತ್ರಾಂಶವಲ್ಲದೆ ಬೇರೆಯವರು ತಿದ್ದುವಂತಿರಲಿಲ್ಲ. 2022ರಲ್ಲಿ ಅದರ ಮಾರಾಟವೇ ನಿಂತಿತು. ಆ ಮಳಿಗೆ ಭಾರತದಲ್ಲಿ ಇಲ್ಲ. ಗಂಗಾಪುರ ರಸ್ತೆಯ ಹಿರಿಯರ ಕಿವಿಯಲ್ಲಿ ಯಂತ್ರ ಸಿಳ್ಳೆ ಹೊಡೆಯತೊಡಗಿದರೆ ನಾಸಿಕದ ತಜ್ಞ ಕೈಚೆಲ್ಲುವುದೊಂದೇ ದಾರಿ. ಅಗ್ಗದಲ್ಲಿ ಕೊಂಡದ್ದು ಬೀರುವಿನ ಖಾನೆ ಸೇರುತ್ತದೆ. ಅಗ್ಗದ ಅಂಗಡಿ ಕೆಟ್ಟದ್ದಲ್ಲ; ಆ ಅಂಗಡಿ ಇರುವ ಊರಿನಲ್ಲಿ ಬದುಕುವವರಿಗೆ ಅದು ನಿಜವಾಗಿಯೂ ಉಪಕಾರಿ. ಯಂತ್ರವನ್ನು ಧರಿಸುವವರು ಇರುವ ಊರಿನಲ್ಲಿಯೇ ಕೊಳ್ಳಬೇಕು, ಕೊಡಿಸುವವರು ಇರುವ ಊರಿನಲ್ಲಲ್ಲ.

ಹಾಗೆಂದು ಸಾವಿರ ರೂಪಾಯಿಗೆ ಅಂಚೆಯಲ್ಲಿ ಬರುವ, ಜಾಹೀರಾತಿನ ಯಂತ್ರಕ್ಕೆ ಮರುಳಾಗುವುದೂ ಸಲ್ಲ. ಅದು ಎಲ್ಲ ಸದ್ದನ್ನೂ ಒಂದೇ ಸಮನೆ ಏರಿಸುತ್ತದೆ. ವಯಸ್ಸಿನ ಕಿವುಡಿನಲ್ಲಿ ಮೊದಲು ಕಳೆಯುವುದು ಎತ್ತರದ ಸ್ವರಗಳು. ಅ, ಆ, ಓ ಕೇಳುತ್ತವೆ; ಸ, ಶ, ಚ, ತ ಕರಗಿಹೋಗುತ್ತವೆ. ‘ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎಂಬ ಮುದುಕರ ದೂರಿನ ಅರ್ಥ ಇದೇ. ಅಂಥವರಿಗೆ ಈ ಯಂತ್ರ ಹಾಕಿದರೆ ಕುಕ್ಕರಿನ ಕೂಗು ತಲೆ ಸೀಳುತ್ತದೆ, ಮೊಮ್ಮಗಳ ಮಾತು ಮೊದಲಿನಂತೆಯೇ ಉಳಿಯುತ್ತದೆ.

ಯಾರ ಗಮನಕ್ಕೂ ಬಾರದ ಇನ್ನೊಂದು ಸಂಗತಿಯಿದೆ. ಶ್ರವಣಪರೀಕ್ಷೆಯಲ್ಲಿ ಪದಗಳನ್ನು ನುಡಿದು ಹಿಂದಕ್ಕೆ ಹೇಳಿಸುವ ಭಾಗ ಒಂದುಂಟು. ಮಹಾರಾಷ್ಟ್ರದಲ್ಲಿ ಆ ಪದಗಳು ಸಹಜವಾಗಿ ಮರಾಠಿಯವೋ ಹಿಂದಿಯವೋ ಆಗಿರುತ್ತವೆ. ಮನೆಯಿಂದ ಹೊರಗೆ ಹೆಚ್ಚು ಬಾರದ ಅಜ್ಜಿ ಅಲ್ಲಿ ಎಡವಿದರೆ ಅದು ಕಿವಿಯ ದೋಷವೋ, ಭಾಷೆಯ ಅಪರಿಚಯವೋ ಹೇಳುವವರು ಯಾರು? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 2005ರಲ್ಲಿ ಈ ಪರೀಕ್ಷೆಗೆಂದೇ ಕನ್ನಡ ಪದಪಟ್ಟಿ ಸಿದ್ಧವಾಗಿದೆ. ವರ್ಷಕ್ಕೊಮ್ಮೆ ಊರಿಗೆ ಹೋಗುವವರು ಮೈಸೂರಿನಲ್ಲಿ ಒಂದು ದಿನ ಕಳೆದು ಪರೀಕ್ಷೆ ಮಾಡಿಸಿಕೊಂಡು, ಆ ವರದಿಯನ್ನು ತಮ್ಮೂರಿನ ತಜ್ಞರ ಮುಂದಿಟ್ಟರೆ ಒಳಿತು. ಅದಾಗದಿದ್ದರೆ ಯಂತ್ರವನ್ನು ಹೊಂದಿಸುವ ದಿನ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಮಾತನಾಡಿ ನೋಡಲಿ.

ಕಿವಿಯಂತ್ರದ ಆಯುಸ್ಸು ಸುಮಾರು ಐದು ವರ್ಷ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದವರು ಒಮ್ಮೆಗೇ ಲಕ್ಷಗಟ್ಟಲೆ ಸುರಿಯದೆ, ಎರಡನೆಯ ಯಂತ್ರಕ್ಕೂ ಹಣ ಉಳಿಸಿಕೊಳ್ಳುತ್ತಾರೆ. ಭಾರತದಲ್ಲಿ ಇದಕ್ಕೆ ಜಿಎಸ್‌ಟಿ ಇಲ್ಲ. ಆದಾಯಮಿತಿಯೊಳಗಿನವರಿಗೆ 1981ರಿಂದ ನಡೆದುಬಂದಿರುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ನೆರವುಂಟು. ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ಸಂಸ್ಥೆ ಮುಂಬಯಿಯವರಿಗೆ ಕೈಗೆಟುಕುವಷ್ಟು ಹತ್ತಿರ. ಇನ್ನು ಬ್ಯಾಟರಿಯ ಮಾತು: ಬಣ್ಣದ ಚೀಟಿ ಕಿತ್ತೊಡನೆ ಗಾಳಿ ಸೇರಿ ಅದು ಸವೆಯತೊಡಗುತ್ತದೆ, ಚೀಟಿಯನ್ನು ಮತ್ತೆ ಅಂಟಿಸಿ ಉಳಿಸುವ ಅಜ್ಜಿಯರ ಜಾಣತನ ಅಲ್ಲಿ ನಡೆಯುವುದಿಲ್ಲ. ಹೊಸ ಯಂತ್ರ ಬಂದಾಗ ಹಳೆಯದನ್ನು ಎಸೆಯದೆ ಡಬ್ಬಿಯಲ್ಲಿ ಒಣಗಿಸಿಡಬೇಕು; ಹೊಸದು ದುರಸ್ತಿಗೆ ಹೋದ ವಾರದಲ್ಲಿಯೂ ಭಾನುವಾರ ಬಂದೇ ಬರುತ್ತದೆ, ಫೋನು ಬಾರಿಸುತ್ತದೆ.