ಜಪಾನೀಸ್ ಕಲಿಯೋಕೆ ಇಂಗ್ಲಿಷ್ ಯಾಕ್ರೀ ಬೇಕು?

1/4
"ಇಂಗ್ಲಿಷೇ ಬರಲ್ಲ, ಜಪಾನೀಸ್ ಹೇಗ್ ಬರುತ್ತೆ ಸರ್?" ಒಂದು ಕೋಚಿಂಗ್ ಸೆಂಟರಿನವರು ನಮ್ಮಪ್ಪನಿಗೆ ಹೇಳಿದ ಮಾತಿದು. ಅಪ್ಪ ಫ್ಯಾಕ್ಟರಿಯಲ್ಲಿ ಮಷಿನ್ ಆಪರೇಟರ್. ಟ್ರೈನಿಂಗಿಗೆ ಅಂತ ಮೂರು ವಾರ ನಗೋಯಾಗೆ ಕಳಿಸ್ತಿದ್ದಾರೆ, ಹೋಟೆಲಲ್ಲಿ ಒಬ್ಬರೇ ಇರಬೇಕು. ಮನೆಗೆ ಬಂದವರೇ "ಬೇರೆ ಯಾರನ್ನಾದ್ರೂ ಕಳಿಸ್ಲಿ ಬಿಡು" ಅಂದ್ರು. ನನಗೆ ಮೈಯೆಲ್ಲಾ ಉರೀತು.

2/4
ಅವರು ಹೇಳಿದ್ದು ಶುದ್ಧ ಸುಳ್ಳು. ನೀವೇ ನೋಡಿ. ರಿಸೆಪ್ಷನ್‌ನಲ್ಲಿ ಕೇಳಬೇಕಾದ ಪ್ರಶ್ನೆ: "ಹೆಯಾ ನಿ ವೈಫೈ ವಾ ಅರಿಮಾಸ್ ಕಾ?" ಹೆಯಾ ಅಂದ್ರೆ ರೂಮು, 'ನಿ' ಅಂದ್ರೆ 'ಅಲ್ಲಿ', ಅರಿಮಾಸ್ ಅಂದ್ರೆ ಇದೆ, ಕೊನೇ 'ಕಾ' ನಮ್ಮ ಪ್ರಶ್ನೆಯ 'ಆ'. ('ವಾ' ಯಾವುದರ ಬಗ್ಗೆ ಮಾತು ಅಂತ ತೋರಿಸುತ್ತೆ, ಅಷ್ಟೇ.) ರೂಮಲ್ಲಿ ವೈಫೈ ಇದೆಯಾ? ಒಂದು ಪದವೂ ಜಾಗ ಬಿಟ್ಟು ಕದಲಿಲ್ಲ! ಇದನ್ನೇ ಇಂಗ್ಲಿಷಿಗೆ ಹಾಕಿ, 'ಇದೆಯಾ' ಮುಂದೆ ಬರುತ್ತೆ, ರೂಮು ಕೊನೆಗೆ ಹೋಗುತ್ತೆ. ನೇರ ದಾರಿ ಇರೋ ಕನ್ನಡದೋರನ್ನ ಮೊದಲು ತಲೆಕೆಳಗೆ ನಿಲ್ಲಿಸಿ, ಆಮೇಲೆ ನೆಟ್ಟಗೆ ಮಾಡ್ತಾರೆ. ಅದಕ್ಕೆ ಫೀಸು ಬೇರೆ.

3/4
ತಿಂಡಿ ಎಷ್ಟು ಗಂಟೆಯಿಂದ? "ಚೋಶೋಕು ವಾ ನಾನ್‌ಜಿ ಕರಾ ದೆಸ್ ಕಾ?" ನಾನ್ ಅಂದ್ರೆ ಎಷ್ಟು, ಜಿ ಗಂಟೆ, ಕರಾ 'ಇಂದ'. "ತಾಓರು ಓ ಕುದಸಾಯ್", ಟವೆಲ್ಲನ್ನ ಕೊಡಿ. ಆ 'ಓ' ನಮ್ಮ 'ಅನ್ನು'. ನಮ್ಮ ಬಸ್ಸು ಅವರಿಗೆ ಬಸು, ನಮ್ಮ ಹೋಟೆಲ್ಲು ಅವರಿಗೆ ಹೊತೆರು. ಕೊನೇಲಿ 'ಉ' ಸೇರಿಸಿ ಮಾತಾಡೋರನ್ನ ನೋಡಿ ಕಾಲೇಜಲ್ಲಿ ನಗ್ತೀವಲ್ಲ (ನಾನೂ ನಕ್ಕಿದ್ದೀನಿ), ನಗೋಯಾದಲ್ಲಿ ಅದೇ ಸರಿ.

4/4
ಕಾಮೆಂಟಲ್ಲಿ ಏನ್ ಬರುತ್ತೆ ಗೊತ್ತು: "ಆ್ಯಪ್ ಇದೆಯಲ್ಲ ಗುರು". ಇಟ್ಕೊಳ್ಳಿ. ಬೋರ್ಡು ಓದೋಕೆ ಅಂತ ಅಪ್ಪನಿಗೂ ಹಾಕಿಕೊಟ್ಟಿದ್ದೀನಿ, ಕಾಂಜಿ ಲಿಪಿ ನಾಲ್ಕು ದಿನದಲ್ಲಿ ಬರೋದಲ್ಲ. ಕೌಂಟರಿನವರ ಉತ್ತರ ಅರ್ಥ ಆಗೋದೂ ಕಷ್ಟವೇ, ಸುಳ್ಳು ಹೇಳಲ್ಲ. ಗಿರಾಕಿಗಳ ಮುಂದೆ ಅವರು 'ಅರಿಮಾಸ್' ಬಿಟ್ಟು 'ಗೊಝಾಯಿಮಾಸ್' ಅಂತಾರೆ, ಅದು ಇನ್ನೂ ಮರ್ಯಾದೆಯ ಮಾತು. ಆದರೆ ಬಾ, ಬನ್ನಿ, ದಯಮಾಡಿಸಿ, ಈ ಮೂರರ ವ್ಯತ್ಯಾಸ ಗೊತ್ತಿರೋರಿಗೆ ಇದೇನು ಹೊಸದಾ? ಅಪ್ಪ ಒಂದೇ ಸಲಕ್ಕೆ "ಓಹೋ, 'ತಾವು' ಅಂದಹಾಗೆ" ಅಂದ್ರು.

ನಿನ್ನೆ ಊಟಕ್ಕೆ ಕೂತು ಅಮ್ಮನ್ನ ಕೇಳಿದ್ರು, "ಮಿಝು ವಾ ಅರಿಮಾಸ್ ಕಾ?"

ಅಮ್ಮ ತಲೆ ಎತ್ತದೇ, "ಚೊಂಬಲ್ಲಿ ಇದೆ, ನೀವೇ ಬಗ್ಗಿಸ್ಕೊಳ್ಳಿ."