ಚಿಗರಿಯ ಸೋಮವಾರಗಳು

ಕಳೆದ ಜೂನ್ ತಿಂಗಳ ಒಂದು ಸೋಮವಾರ ಬೆಳಗ್ಗೆ ನಮ್ಮ ಮನೆಯ ಚಿಗರಿ ಕಟ್ಟೆಯಿಂದ ಜಿಗಿಯಲಿಲ್ಲ. ಮುಂಗಾಲುಗಳನ್ನು ಮೆಟ್ಟಿಲಿನ ಮೇಲೆ ಇಳಿಬಿಟ್ಟು, ಏನನ್ನೋ ಲೆಕ್ಕ ಹಾಕುವಂತೆ ಅರೆಗಳಿಗೆ ನಿಂತು, ಹಿಂಗಾಲುಗಳನ್ನು ಒಂದೊಂದಾಗಿ ಎಳೆದುಕೊಂಡು ಕೆಳಗಿಳಿಯಿತು. ಹತ್ತು ಹೆಜ್ಜೆ ನಡೆದ ಮೇಲೆ ಅದರ ನಡಿಗೆ ಮೊದಲಿನಂತಾಯಿತು. ನಾನು ಅದನ್ನು ಕಂಡೆ. ಆದರೆ ಅಂದು ಜತ್ತದ ನ್ಯಾಯಾಲಯದಲ್ಲಿ ಮೂರು ಪ್ರಕರಣಗಳ ತಾರೀಖು ಇದ್ದುದರಿಂದ, ಕಂಡದ್ದನ್ನು ಮನಸ್ಸಿಗೆ ತಂದುಕೊಳ್ಳದೆ ಹೊರಟುಹೋದೆ.

ಚಿಗರಿ ಎಂಬುದು ನನ್ನ ಮಗಳು ಇಟ್ಟ ಹೆಸರು. ಪ್ರಾಣಿ ಮಾತ್ರ ನಾಯಿ. ನಮ್ಮ ಕಡೆ ಇದನ್ನು ಕಾರವಾನಿ ಎನ್ನುತ್ತಾರೆ. ಗಡಿ ದಾಟಿದರೆ ಇದೇ ಮುಧೋಳ ನಾಯಿ. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಉದ್ದ ಮೂತಿ, ತೆಳು ನಡು, ಓಡಲೆಂದೇ ಎರಕ ಹೊಯ್ದ ಮೈ. ನಮ್ಮ ಚಿಗರಿಗೆ ಈಗ ಆರು ವರ್ಷ ಕಳೆದಿದೆ. ಇಷ್ಟು ಪ್ರಾಯಕ್ಕೇ ಕೀಲು ಹಿಡಿಯಬಹುದೆಂಬ ಸಂದೇಹ ನನಗಾಗಲಿ ಮನೆಯವರಿಗಾಗಲಿ ಬರಲಿಲ್ಲ. 'ಮಳಿಗಾಲ ಬಂತಲ್ಲ, ಅದಕ್ಕ ಮೈಗಳ್ಳತನ' ಎಂದು ನನ್ನ ತಾಯಿ ತೀರ್ಪು ನೀಡಿದರು. ನಾಯಿ ನೋವಾದರೆ ಕೂಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಬಾಲ ತುಳಿದರೆ ಕೂಗೀತು. ನಿತ್ಯದ ನೋವಿಗೆ ಕೂಗುವುದಿಲ್ಲ. ಅದು ಜಿಗಿಯುವುದನ್ನು ಬಿಡುತ್ತದೆ, ಎದ್ದಾಗ ಬಿಗಿಯುತ್ತದೆ, ಒಂದೇ ಜಾಗವನ್ನು ನೆಕ್ಕುತ್ತದೆ, ಹಿಂಭಾಗವನ್ನು ಮುಟ್ಟಿದರೆ ಎದ್ದು ದೂರ ಹೋಗುತ್ತದೆ. ನಾವು ಅದಕ್ಕೆ ಸೋಮಾರಿತನವೆಂದೋ ಸಿಡುಕೆಂದೋ ಹೆಸರಿಡುತ್ತೇವೆ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಬರೆಯದೆ ಉಳಿದುದನ್ನು ಬರೆಯುವ ಹಕ್ಕು ನನಗಿಲ್ಲ. ಮುಂದಿನ ವಾರ ಕುಂಟುವಿಕೆ ಹೆಚ್ಚಾದಾಗ, ನನ್ನ ಸೊಂಟನೋವಿಗೆಂದು ತಂದು ಉಳಿದಿದ್ದ ಡೈಕ್ಲೋಫಿನಾಕ್ ಮಾತ್ರೆಯನ್ನು ಅರ್ಧ ಮುರಿದು, ರೊಟ್ಟಿಯ ತುಣುಕಿನಲ್ಲಿ ಅಡಗಿಸಿ ಕೊಟ್ಟೆ. ಮರುದಿನ ಇನ್ನರ್ಧ. ಮೂರನೆಯ ದಿನ ಮತ್ತೆ ಅರ್ಧ. ಅಂದು ಸಂಜೆ ಚಿಗರಿ ಊಟ ಮುಟ್ಟಲಿಲ್ಲ. ರಾತ್ರಿ ವಾಂತಿ ಮಾಡಿತು. ಬೆಳಗ್ಗೆ ಅದರ ಮಲ ಡಾಂಬರಿನಂತೆ ಕಪ್ಪಾಗಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವುದರ ಗುರುತು ಅದು.

ವಕೀಲನಾಗಿ ನಾಚಿಕೆಪಡಬೇಕಾದ ಮಾತೊಂದಿದೆ. ಜಾನುವಾರುಗಳಿಗೆ ಡೈಕ್ಲೋಫಿನಾಕ್ ನೀಡುವುದನ್ನು ಸರ್ಕಾರವು 2006ರಲ್ಲೇ ನಿಲ್ಲಿಸಿತೆಂಬುದು ನನಗೆ ಚೆನ್ನಾಗಿ ತಿಳಿದಿತ್ತು. ಆ ಔಷಧ ಸೇರಿದ ದನಗಳ ಶವ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಲುಸಾಲಾಗಿ ಸತ್ತದ್ದೇ ಅದಕ್ಕೆ ಕಾರಣ. ಹದ್ದಿನ ಕಥೆಯನ್ನು ಓದಿದ್ದ ನನಗೆ ಅದೇ ಮಾತ್ರೆ ನಾಯಿಯ ಹೊಟ್ಟೆಗೂ ವಿಷವಾದೀತೆಂಬುದು ಹೊಳೆಯಲಿಲ್ಲ. ಮನುಷ್ಯರ ಐಬುಪ್ರೊಫೇನ್ ಕೂಡ ಹೀಗೆಯೇ. ನಾಯಿಗಳಲ್ಲಿ ಅದು ಜಠರಕ್ಕೆ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಪ್ಯಾರಾಸಿಟಮಾಲನ್ನೂ ವೈದ್ಯರ ಅಪ್ಪಣೆಯಿಲ್ಲದೆ ಕೊಡುವಂತಿಲ್ಲ. ಬೆಕ್ಕಿಗಂತೂ ಅದು ಪ್ರಾಣಾಂತಕ. ನಮ್ಮ ಮನೆಗಳಲ್ಲಿ ಔಷಧದ ಡಬ್ಬಿ ಮಕ್ಕಳ ಕೈಗೂ ಸಿಗುವಂತಿರುತ್ತದೆ. ಪ್ರೀತಿಯಿಂದ ಮಗುವೊಂದು ನಾಯಿಗೆ ಮಾತ್ರೆ ಕೊಟ್ಟೀತು. ನಮ್ಮ ಮನೆಯಲ್ಲಿ ಹಾಗೆ ಕೊಟ್ಟವನು ಮಗುವಲ್ಲ, ಕಾನೂನು ಪದವಿ ಪಡೆದ ತಂದೆ.

ಮೂರು ದಿನ ಸಲಾಯಿನ್, ಹೊಟ್ಟೆಯ ಹುಣ್ಣಿಗೆ ಔಷಧ, ಗಂಜಿಯ ಪಥ್ಯ. ಚಿಗರಿ ಬದುಕಿತು. ಪಶುವೈದ್ಯರು ಮರಾಠಿ ಮಾತೃಭಾಷೆಯವರು; ಮಿತಭಾಷಿ. ಬಹುಪಾಲು ಎಮ್ಮೆ, ಆಡು, ಖಿಲಾರಿ ಎತ್ತುಗಳನ್ನು ನೋಡುವ ಅವರು ನಾಯಿಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದರು. ಕುಂಟುವಿಕೆಗೆ ಔಷಧ ಬರೆದುಕೊಡಿರೆಂದು ನಾನು ಅವಸರಿಸಿದೆ. ಹೊಟ್ಟೆ ಮಾಯುವವರೆಗೆ ಬೇರೆ ನೋವುನಿವಾರಕ ಕೊಡುವುದಿಲ್ಲ, ಅಲ್ಲದೆ ಕುಂಟುವುದೆಲ್ಲ ಸಂಧಿವಾತವೂ ಅಲ್ಲ ಎಂದರು. ಮೊದಲು ಉಗುರು, ಬೆರಳ ಸಂದುಗಳಲ್ಲಿ ಮುಳ್ಳನ್ನು ಹುಡುಕಿದರು. ಬಳಿಕ ರಕ್ತ ತೆಗೆದರು. ಉಣ್ಣೆಗಳು ಹರಡುವ ಎರ್ಲಿಕಿಯೋಸಿಸ್ ಎಂಬ ಜ್ವರದಲ್ಲಿಯೂ ಕೀಲುಗಳು ಬಾತು ನಾಯಿ ಕುಂಟುತ್ತದೆ. ಕುರಿ, ದನಗಳ ನಡುವೆ ಬೆಳೆಯುವ ನಮ್ಮ ನಾಯಿಗಳಿಗೆ ಉಣ್ಣೆಯ ಕಾಟ ಹೊಸದಲ್ಲ. ಆ ಜ್ವರವನ್ನು ಸಂಧಿವಾತವೆಂದು ಬಗೆದು ಕುಳಿತರೆ ಗುಣವಾಗಬಲ್ಲ ರೋಗಕ್ಕೆ ನಾಯಿಯನ್ನು ಕಳೆದುಕೊಂಡಂತೆ. ಅದೃಷ್ಟಕ್ಕೆ ಚಿಗರಿಗೆ ಅದು ಇರಲಿಲ್ಲ. ಯಕೃತ್ತು, ಮೂತ್ರಪಿಂಡಗಳೂ ಸ್ವಸ್ಥವಾಗಿದ್ದವು.

ಕೊನೆಗೆ ದರ್ಜಿಯ ಟೇಪು ತರಿಸಿ ಎರಡೂ ತೊಡೆಗಳ ಸುತ್ತಳತೆ ತೆಗೆದರು. ಎಡತೊಡೆ ಬಲತೊಡೆಗಿಂತ ಎರಡು ಸೆಂಟಿಮೀಟರ್ ಕೃಶವಾಗಿತ್ತು. ನೋಯುವ ಕಾಲಿನ ಮೇಲೆ ಭಾರ ಹಾಕದಿದ್ದರೆ ಅದರ ಮಾಂಸಖಂಡ ಕರಗುತ್ತದೆ. ಮಾಂಸಖಂಡ ಕರಗಿದರೆ ಕೀಲಿಗೆ ಆಸರೆ ತಪ್ಪುತ್ತದೆ. ಆಸರೆ ತಪ್ಪಿದ ಕೀಲು ಇನ್ನಷ್ಟು ಸವೆಯುತ್ತದೆ. ದೂರದ ಪಟ್ಟಣದಲ್ಲಿ ತೆಗೆಸಿದ ಕ್ಷಕಿರಣ ಚಿತ್ರದಲ್ಲಿ ಎಡ ಹಿಂಗಾಲಿನ ಮಂಡಿಯ ಎಲುಬಿನ ಅಂಚಿನಲ್ಲಿ ಸಣ್ಣ ಮುಳ್ಳುಗಳಂಥ ಬೆಳವಣಿಗೆ ಕಾಣಿಸಿತು. ಆಗ ಮಗಳಿಗೆ ನೆನಪಾಯಿತು: ಹಿಂದಿನ ವರ್ಷ ಹೊಲದಲ್ಲಿ ಓಡುತ್ತ ಚಿಗರಿ ಒಡ್ಡಿನ ಮೇಲಿಂದ ಮುಗ್ಗರಿಸಿ ಬಿದ್ದು ಒಂದು ವಾರ ಕುಂಟಿತ್ತು. ತಾನೇ ವಾಸಿಯಾಯಿತೆಂದು ನಾವು ಮರೆತಿದ್ದೆವು. ಮಂಡಿ ಮರೆತಿರಲಿಲ್ಲ.

ಇಂಥ ತೆಳುಮೈಯ ಬೇಟೆನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ. ಚಿತ್ರ ತೆಗೆಯಲು ಮಂಪರು ಬರಿಸಬೇಕಾದಲ್ಲಿ ತಳಿ ಯಾವುದೆಂದು ವೈದ್ಯರಿಗೆ ಮೊದಲೇ ತಿಳಿಸುವುದು ಕ್ಷೇಮ.

ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ, ಆದರೆ ಈಗಲೇ ಎಚ್ಚೆತ್ತರೆ ನಾಯಿ ಬಹುಕಾಲ ಸುಖವಾಗಿ ನಡೆಯಬಲ್ಲದು ಎಂದ ವೈದ್ಯರು ನನ್ನತ್ತ ನೋಡದೆ ಮಗಳತ್ತ ತಿರುಗಿ ಒಂದು ಕೆಲಸ ಒಪ್ಪಿಸಿದರು. ದಿನವೂ ಬೆಳಗ್ಗೆ ಚಿಗರಿ ಎದ್ದ ಮೇಲೆ ಎಷ್ಟು ಹೊತ್ತು ಬಿಗಿದು ನಡೆಯಿತು, ಮೆಟ್ಟಿಲು ಹೇಗೆ ಇಳಿಯಿತು, ಹಿಂದಿನ ದಿನ ಏನೇನು ಮಾಡಿತ್ತು, ಇಷ್ಟನ್ನು ಬರೆದಿಡಬೇಕು. ಅವಳು ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ. 'ಕನ್ನಡದಾಗ ಬರದ್ರ ನಡೀತೈತೇನ್ರಿ?' ಎಂದು ಅಳುಕುತ್ತ ಕೇಳಿದಳು. ನಾನು ಮರಾಠಿಗೆ ತಿರುಗಿಸಿದೆ. ನಾಯಿಗೆ ಯಾವ ಭಾಷೆಯಲ್ಲಿ ನೋವಾಗುತ್ತದೋ ಆ ಭಾಷೆಯಲ್ಲಿ ಬರೆ ಎಂದು ಅವರು ನಕ್ಕರು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಅಂಗಡಿಯ ಮಾತು ಮರಾಠಿಯಲ್ಲಿ ನಡೆಯುವ ಈ ಊರಿನಲ್ಲಿ ಅವಳ ಅಕ್ಷರಕ್ಕೆ ಮನೆ-ಶಾಲೆಗಳ ಹೊರಗೆ ಕೆಲಸ ಸಿಕ್ಕಿದ್ದು ಅದೇ ಮೊದಲು.

ಆರು ವಾರಗಳ ಬಳಿಕ ಅವಳು ಆ ನೋಟುಬುಕ್ಕನ್ನು ವೈದ್ಯರ ಮುಂದೆ ಓದಿದಳು. ನಾನು ಸಾಲುಸಾಲಾಗಿ ಅನುವಾದಿಸಿದೆ. ಮಂಗಳವಾರ ಐದು ನಿಮಿಷ, ಗುರುವಾರ ಮೂರು ನಿಮಿಷ, ಶನಿವಾರ ಎರಡು ನಿಮಿಷ. ಸೋಮವಾರ ಹದಿನೈದು ನಿಮಿಷ. ಮುಂದಿನ ಸೋಮವಾರ ಇಪ್ಪತ್ತು. ನನ್ನ ನಾಲಿಗೆ ಅಲ್ಲಿಯೇ ತಡವರಿಸಿತು. ವಾರದ ಆರು ದಿನ ನಾನು ನ್ಯಾಯಾಲಯದಲ್ಲಿ, ಮಗಳು ಶಾಲೆಯಲ್ಲಿ. ಚಿಗರಿ ಅಂಗಳದ ಗೂಟಕ್ಕೆ. ಭಾನುವಾರ ಬಂತೆಂದರೆ ಎಲ್ಲರೂ ಹೊಲಕ್ಕೆ. ಕಲ್ಲುಮರಡಿಯ ಮೇಲೆ ಎರಡು ತಾಸು ಅಂಕೆಯಿಲ್ಲದ ಓಟ. ಮಗಳು ತಾಲೂಕು ಕ್ರೀಡಾಕೂಟದ ಓಟಕ್ಕೆ ತಯಾರಾಗುತ್ತಿದ್ದಳು. ಅವಳ ಜೊತೆಗಾರ್ತಿ ಚಿಗರಿ. ಕಾಯಿಲೆ ಎಂದು ಗೊತ್ತಾದ ಮೇಲೂ ನಾವು ಆ ಭಾನುವಾರವನ್ನು ಬಿಟ್ಟಿರಲಿಲ್ಲ. ವಾರವಿಡೀ ಕಟ್ಟಿಹಾಕಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಅದನ್ನು ನೀಡುತ್ತಿದ್ದೆವು. ಮಗಳ ಕಣ್ಣು ತುಂಬಿತು. 'ನಾನ ಅದರ ಕಾಲು ಕೆಡಿಸಿನಿ ಅಪ್ಪಾ' ಎಂದಳು. ಗೊತ್ತಾದದ್ದೂ ನಿನ್ನ ಪುಸ್ತಕದಿಂದಲೇ ಎಂದು ಹೇಳಿದೆ. ಅವಳಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಇಂಥ ನಾಯಿಯನ್ನು ಕಟ್ಟಿಹಾಕಿ ವಿಶ್ರಾಂತಿ ಕೊಡಬೇಕೆಂದು ಹಲವರು ತಿಳಿಯುತ್ತಾರೆ. ಕಟ್ಟಿಹಾಕಿದರೆ ಮಾಂಸಖಂಡ ಮತ್ತಷ್ಟು ಕರಗುತ್ತದೆ. ಬೇಕಾದದ್ದು ಪ್ರತಿದಿನವೂ ಒಂದೇ ಅಳತೆಯ ಮಿತವಾದ ನಡಿಗೆ. ಈಗ ಚಿಗರಿಯನ್ನು ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಹಗ್ಗ ಹಿಡಿದು ನಡೆಸುತ್ತೇವೆ. ಮಣ್ಣಿನ ದಾರಿ ನೋಡುತ್ತೇವೆ. ಜೋಳ ಕೊಯ್ದ ಹೊಲದ ಕೂಳೆಯಲ್ಲಾಗಲಿ ಕಲ್ಲಿನಲ್ಲಾಗಲಿ ಬಿಡುವುದಿಲ್ಲ. ಚೆಂಡು ಎಸೆದು ಓಡಿಸಿ ಗಕ್ಕನೆ ತಿರುಗಿಸುವ ಆಟ ಪೂರ್ಣ ಬಂದ್. ನೀರಿನಲ್ಲಿ ಈಜಿದರೆ ಕೀಲಿಗೆ ಭಾರ ಬೀಳದೆ ವ್ಯಾಯಾಮವಾಗುತ್ತದೆ ಎಂಬುದು ನಿಜವಾದರೂ, ನಮ್ಮ ಕಡೆಯ ಕೃಷಿಹೊಂಡಗಳಲ್ಲಿ ಅದನ್ನು ಪ್ರಯೋಗಿಸಬೇಡಿರಿ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಉಗುರು ಹಿಡಿಯದೆ ನಾಯಿ ಮೇಲೆ ಬರಲಾರದು. ಮಕ್ಕಳ ವಿಷಯವನ್ನು ಹೇಳಲೇಬೇಕಿಲ್ಲ.

ತೂಕದ ಜಗಳ ಇದಕ್ಕಿಂತ ದೊಡ್ಡದಾಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಳಿಕ 22 ಕಿಲೋದ ಚಿಗರಿ 25 ದಾಟಿತ್ತು. ಕಾರಣ ನನ್ನ ತಾಯಿ. ಬೆಣ್ಣೆ ಸವರಿದ ರೊಟ್ಟಿ, ಸಂಜೆಗೆ ಹಾಲು, ಹಬ್ಬಕ್ಕೆ ಹೋಳಿಗೆ. ಕಡಿಮೆ ಮಾಡಿರೆಂದಾಗ 'ನನ್ನ ಮನ್ಯಾಗ ಮೂಕಪ್ರಾಣಿಗೆ ಉಪವಾಸ ಹಾಕಬ್ಯಾಡ್ರಿ' ಎಂದು ಮುನಿಸಿಕೊಂಡರು. ಆಗ ನಾನು ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವನ್ನು ವಿವರಿಸಿದೆ. ಜೊತೆಗಾರ ನಾಯಿಗಳಿಗಿಂತ ಕಾಲುಭಾಗ ಕಡಿಮೆ ಆಹಾರ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಅವುಗಳಿಗೆ ಸಂಧಿವಾತವೂ ತಡವಾಗಿ ಬಂತು. ಅಮೆರಿಕದ ಸಾಕ್ಷ್ಯವನ್ನು ತಾಯಿ ಸ್ವೀಕರಿಸಲಿಲ್ಲ. ತೊಗಲಿನಡಿ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು ಎಂದು ವೈದ್ಯರು ತಾಯಿಯ ಕೈಯನ್ನೇ ಹಿಡಿದು ತೋರಿಸಿದ ಮೇಲೆ ಬೆಣ್ಣೆ ನಿಂತಿತು. ಹೋಳಿಗೆ ಇನ್ನೂ ವಿಚಾರಣೆಯ ಹಂತದಲ್ಲಿದೆ.

ಮನೆಯೊಳಗಿನ ಬದಲಾವಣೆಗಳು ಅಗ್ಗದವು. ನುಣುಪಾದ ಫರಸಿಯ ಮೇಲೆ ಕಾಲು ಜಾರುವಲ್ಲಿ ಹಳೆಯ ಗೋಣಿತಾಟು ಹಾಸಿದೆವು. ಉಗುರು ಉದ್ದವಾದರೆ ಪಾದ ಸರಿಯಾಗಿ ಊರದು, ಅದನ್ನು ಕತ್ತರಿಸುತ್ತೇವೆ. ತೆಳುಮೈಯ ನಾಯಿಗೆ ಬರಿ ನೆಲ ಮುಳ್ಳಿನಂತೆ; ತಾಯಿಯ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದೇವೆ. ಚಳಿಯ ಬೆಳಗಿನಲ್ಲಿ ಬಿಸಿನೀರಲ್ಲದ, ಕೈಗೆ ಹಿತವೆನಿಸುವ ಬೆಚ್ಚನೆಯ ಬಟ್ಟೆಯಿಂದ ಮಂಡಿಗೆ ಹತ್ತು ನಿಮಿಷ ಶಾಖ. ಕೀಲಿಗೆಂದು ಮಾರುವ ಗ್ಲುಕೋಸಮೈನ್ ಪುಡಿಗಳ ಫಲ ಪರೀಕ್ಷೆಗಳಲ್ಲಿ ದೃಢಪಟ್ಟಿಲ್ಲ. ಮೀನೆಣ್ಣೆಗೆ ಅದಕ್ಕಿಂತ ಉತ್ತಮ ಆಧಾರವಿದೆ. ನೋವು ಹೆಚ್ಚಿದಾಗ ಮಾತ್ರ ವೈದ್ಯರು ತೂಕ ನೋಡಿ ಬರೆದ ಮೆಲಾಕ್ಸಿಕಾಮ್, ಅದೂ ಊಟದ ಮೇಲೆ. ಅದರ ಜೊತೆಗೆ ಸ್ಟೆರಾಯ್ಡ್ ಕೂಡದು. ಊಟ ಬಿಟ್ಟರೆ, ವಾಂತಿಯಾದರೆ ಆ ದಿನವೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಬರೆ ಹಾಕಿಸಿರಿ ಎಂದು ನೆರೆಹೊಲದ ಹಿರಿಯರೊಬ್ಬರು ಸಲಹೆ ನೀಡಿದ್ದರು. ನೋವಿನ ಮೇಲೆ ಇನ್ನೊಂದು ನೋವು ಬೇಡವೆಂದು ಕೈಮುಗಿದೆ.

ಅವರ ಇನ್ನೊಂದು ಮಾತು ಕಿವಿಯಲ್ಲಿ ಉಳಿದಿದೆ: 'ಓಡಲಾರದ ಕಾರವಾನಿ ಯಾತಕ್ಕರಿ ವಕೀಲ್ರ?' ಕೆಡುಕಿನಿಂದ ಕೇಳಿದ್ದಲ್ಲ. ಮೊಲದ ಬೇಟೆಗೆಂದೇ ಈ ನಾಯಿಗಳನ್ನು ಸಾಕುವವರಿದ್ದಾರೆ. ಆ ಬೇಟೆಯೇ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಅಪರಾಧ. ಕಾಲು ಕೆಟ್ಟ ನಾಯಿಯನ್ನು ವಾಹನದಲ್ಲಿ ಒಯ್ದು ಪರವೂರ ದಾರಿಯಲ್ಲಿ ಬಿಟ್ಟುಬರುವುದೂ ಉಂಟು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಅಧಿನಿಯಮದ 3ನೆಯ ಕಲಮಿನಂತೆ, ಪ್ರಾಣಿಯನ್ನು ಸಾಕಿದವನು ಅದರ ಕ್ಷೇಮಕ್ಕೂ ಅನಗತ್ಯ ನೋವನ್ನು ತಡೆಯುವುದಕ್ಕೂ ಬಾಧ್ಯ. 11ನೆಯ ಕಲಮಿನಂತೆ, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಅದನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಓದುಗರು ಇದನ್ನು ಮುದ್ರಣದೋಷವೆಂದು ತಿಳಿಯಬಾರದು. ದಶಕಗಳ ಹಿಂದೆ ಬರೆದ ಅಂಕಿಗಳು ಹಾಗೆಯೇ ನಿಂತಿವೆ. ಅರ್ಧ ಮಾತ್ರೆಯ ನನ್ನ ತಪ್ಪಿಗೆ ಆಸ್ಪತ್ರೆಯಲ್ಲಿ ತೆತ್ತದ್ದು ಅದರ ಎಷ್ಟೋ ಪಟ್ಟು.

ಈಗ ಚಳಿಗಾಲ. ಚಿಗರಿಯ ತೂಕ 22½ ಕಿಲೋ. ಎಡತೊಡೆಯ ಅಂತರ ಒಂದು ಸೆಂಟಿಮೀಟರಿಗೆ ಇಳಿದಿದೆ. ಮಂಜು ಬಿದ್ದ ಬೆಳಗಿನಲ್ಲಿ ಇನ್ನೂ ಬಿಗಿಯುತ್ತದೆ; ಮೆಟ್ಟಿಲ ಮುಂದೆ ನಿಂತು ಲೆಕ್ಕ ಹಾಕುವುದನ್ನು ಪೂರ್ತಿ ಬಿಟ್ಟಿಲ್ಲ. ಮಗಳು ತಾಲೂಕು ಓಟದಲ್ಲಿ ನಾಲ್ಕನೆಯವಳಾದಳು. ಭಾನುವಾರ ಅವಳು ಒಬ್ಬಳೇ ಓಡುತ್ತಾಳೆ. ನಾನು ಚಿಗರಿಯ ಹಗ್ಗ ಹಿಡಿದು ಹಿಂದೆ ನಡೆಯುತ್ತೇನೆ. ಅವಳು ತಿರುವಿನ ಬೇವಿನ ಮರ ದಾಟುವಾಗ ಅದು ಕಿವಿ ನಿಮಿರಿಸಿ ಹಗ್ಗವನ್ನು ಒಮ್ಮೆ ಜಗ್ಗುತ್ತದೆ, ನಾನು ಬಿಡುವುದಿಲ್ಲ. ಕಳೆದ ಸೋಮವಾರದ ಎದುರಿಗೆ ನೋಟುಬುಕ್ಕಿನಲ್ಲಿ 'ನಾಲ್ಕು ನಿಮಿಷ' ಎಂದಿದೆ.